ಸೋಮವಾರಪೇಟೆಯ ಗಾಳಿಗೆ ಹದ ಮಾಡಿದ ಕಾರು

ತಪ್ಪು ನನ್ನದು. ಮೊದಲೇ ಬರೆದುಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟುಕೊಂಡು ಹೇಳುವ ಜಾಣತನ ನನಗೆ ಬೇಡ.

ನಾನು ಕಲ್ಲೇಶಪ್ಪ. ಸೋಮವಾರಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ವರ್ಕ್‌ಶಾಪು. ಓದಿದ್ದು ಶನಿವಾರಸಂತೆ ಶಾಲೆಯಲ್ಲಿ ಏಳನೇ ಕ್ಲಾಸು. ಉಳಿದದ್ದೆಲ್ಲ ಎಸ್ಟೇಟ್ ಲಾರಿಗಳ ಕೆಳಗೆ ಗೋಣಿ ಹಾಸಿ ಮಲಗಿ ಕಲಿತದ್ದು. ಗಾಡಿ ಇನ್ನೂ ತಿರುವಿನಾಚೆ ಇರುವಾಗಲೇ ಶಬ್ದ ಕೇಳಿ ಅದರ ಕಾಯಿಲೆ ಹೇಳುತ್ತಿದ್ದೆ. ಜನ ಹೊಗಳುತ್ತಿದ್ದರು. ಹೊಗಳಿಸಿಕೊಂಡವನಿಗೆ ಬಾಯಿ ಕೆಟ್ಟದ್ದಾದರೂ ನಡೆಯುತ್ತದೆ. ನನ್ನ ಬಾಯಿ ಕೆಟ್ಟದ್ದೇ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಮಾದಾಪುರದ ಮೇಲೆ ಕಾಫಿ ತೋಟ ಇರುವ ನಾಣಯ್ಯನವರ ಹತ್ತಿರ ಒಂದು ಜರ್ಮನ್ ಕಾರಿತ್ತು. ಬಿಳಿ ದೊರೆಯೊಬ್ಬ ತೋಟ ಮಾರಿ ತನ್ನ ದೇಶಕ್ಕೆ ಹೋಗುವಾಗ ಕೊಟ್ಟುಹೋದದ್ದು. ಸಣ್ಣ ಕಾರು, ಎರಡೇ ಸಿಲಿಂಡರು. ಅದಕ್ಕೆ ಕಾರ್ಬೊರೇಟರೇ ಇರಲಿಲ್ಲ. ಒಂದು ಪಂಪು ಪೆಟ್ರೋಲನ್ನು ಸೂಜಿಮದ್ದು ಚುಚ್ಚಿದ ಹಾಗೆ ನೇರವಾಗಿ ಸಿಲಿಂಡರಿಗೆ ಚಿಮ್ಮಿಸುತ್ತಿತ್ತು. ಎಷ್ಟು ಬೇಕು, ಎಲ್ಲಿ ಬೇಕು ಅಂತ ಆ ಪಂಪೇ ಅಳೆದುಕೊಳ್ಳುತ್ತಿತ್ತು. ಹೊಸ ಉಪಾಯ. ನಮ್ಮ ಕಡೆ ಯಾರೂ ಕಂಡದ್ದಲ್ಲ.

ಆ ಪಂಪು ಒಳಗೇ ಕಚ್ಚಿ ಹಿಡಿದುಕೊಂಡು ನಿಂತುಹೋಯಿತು. ಹೊಸದು ಬರಬೇಕಾದರೆ ಸಮುದ್ರ ದಾಟಿ ಬರಬೇಕು, ಅದಕ್ಕೆ ಲೈಸೆನ್ಸು ಬೇಕು. ನಾಣಯ್ಯ ಕಾಗದ ಬರೆದು ಬರೆದು ಸುಸ್ತಾದರು. ಎರಡು ವರ್ಷ ಕಾರು ನಿಂತೇ ಇತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು.

ಆ ವರ್ಷ ಅವರ ತಾಯಿ ತಂಗಮ್ಮನವರಿಗೆ ಹೊಟ್ಟೆಯಲ್ಲಿ ಗಂಟು ಕಾಣಿಸಿತು. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕರಕೊಂಡು ಹೋಗಬೇಕು ಅಂದರು ಮಡಿಕೇರಿಯ ಡಾಕ್ಟರು. ತಂಗಮ್ಮ ಒಂದೇ ಷರತ್ತು ಹಾಕಿದರು. ನಾಣಯ್ಯನವರ ಜೊತೆ ನನ್ನ ವರ್ಕ್‌ಶಾಪಿಗೇ ಬಂದು, ಎಳೆದು ತಂದು ನಿಲ್ಲಿಸಿದ್ದ ಆ ಕಾರಿನೊಳಗೆ ಕೂತು ಹೇಳಿದರು.

"ಹೋಗ್ಲಿಕ್ಕೆ ಬಸ್ಸಾದ್ರೂ ಆಗ್ತದೆ ಮೇಸ್ತ್ರಿ. ಬರ್ಲಿಕ್ಕೆ ನಂಗೆ ನನ್ನ ಗಾಡಿ ಬೇಕು. ಡಾಕ್ಟ್ರು ಕೈಬಿಟ್ಟ ದಿನವೇ ಹೊರಡೊಕು. ಜೀವ ಇರುವಾಗ್ಲೇ ನಾನು ನನ್ನ ಮನೆ ಮೆಟ್ಲು ಹತ್ತೊಕು."

"ಹತ್ತಿಸ್ತೀನಿ ಬಿಡಿ," ಅಂದೆ.

"ಇದು ಹೋಗ್ತದಾ? ಇಲ್ಲ ನಾನೂ ಇಲ್ಲಿ ಕೂತು ಮೊಟ್ಟೆ ಇಡ್ಬೇಕಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾಣಯ್ಯ ಮಾತ್ರ ನಗಲಿಲ್ಲ. ಯಾಕೆ ಅಂತ ನನಗೆ ಗೊತ್ತಿತ್ತು. ಆ ಮನೆಯಲ್ಲಿ ಒಂದು ಕಟ್ಟಳೆ ಇದೆ. ಮನೆಯ ಹೊರಗೆ ಜೀವ ಬಿಟ್ಟವರ ದೇಹವನ್ನು ಹೊಸ್ತಿಲು ದಾಟಿಸಿ ಒಳಗೆ ತರುವುದಿಲ್ಲ. ಹನ್ನೊಂದು ವರ್ಷದ ಹಿಂದೆ ತಂಗಮ್ಮನವರ ಗಂಡ ಮಡಿಕೇರಿ ಆಸ್ಪತ್ರೆಯಲ್ಲಿ ತೀರಿಹೋದರು. ಆಟಿ ತಿಂಗಳು, ಆಷಾಢದ ಮಳೆ. ಅಂಗಳದಲ್ಲಿ ಮಂಚ ಹಾಕಿ, ಮೇಲೆ ಟಾರ್ಪಾಲು ಎಳೆದು, ನೆಂಟರು ಬರುವ ತನಕ ಅಲ್ಲೇ ಇಟ್ಟಿದ್ದರು. ಟಾರ್ಪಾಲಿನಲ್ಲಿ ನೀರು ತುಂಬಿ ತುಂಬಿ ಅವರ ಕಾಲ ಮೇಲೆ ಸುರಿಯುತ್ತಿತ್ತಂತೆ. ತಂಗಮ್ಮ ಮಧ್ಯಾಹ್ನವೆಲ್ಲ ಒಂದು ಕೋಲು ಹಿಡಿದು ಆ ನೀರನ್ನು ಎತ್ತಿ ಚೆಲ್ಲುತ್ತ ನಿಂತಿದ್ದರು. ಐವತ್ತು ವರ್ಷ ಆ ಮನೆಯ ಯಜಮಾನನಾಗಿದ್ದವನು ತನ್ನ ಅಂಗಳದಲ್ಲಿ ಒದ್ದೆಯಾಗಿ ಮಲಗಿದ್ದ. ಅದು ಅವರ ಮನಸ್ಸಿನಿಂದ ಹೋಗಿರಲಿಲ್ಲ.

ಪಂಪು ತೆಗೆದುಹಾಕಿದೆ. ಇಂಗ್ಲಿಷ್ ಮೋಟಾರ್ ಸೈಕಲ್ಲುಗಳ ಎರಡು ಹಳೆಯ ಕಾರ್ಬೊರೇಟರುಗಳನ್ನು ತಂದು ಸಿಲಿಂಡರಿಗೊಂದರಂತೆ ಕೂರಿಸಿದೆ. ಮುಂಚೆ ಎಂಜಿನ್ ಆಯಿಲ್ಲು ಬೇರೆ ಟ್ಯಾಂಕಿನಿಂದ ತಾನೇ ಬರುತ್ತಿತ್ತು, ಈಗ ಅದನ್ನು ಪೆಟ್ರೋಲಿನಲ್ಲೇ ಕಲಸಬೇಕಾಯಿತು. ಅದೆಲ್ಲ ಮೂರು ದಿನದ ಕೆಲಸ. ಹದ ಮಾಡುವುದಕ್ಕೆ ಹಿಡಿದದ್ದು ಹದಿನೇಳು ದಿನ.

ಎರಡು ಕಾರ್ಬೊರೇಟರೂ ಒಂದೇ ಸಮ ಉಸಿರೆಳೆಯಬೇಕು. ಒಂದು ಹೆಚ್ಚು ಎಳೆದರೆ ಇನ್ನೊಂದು ಸಿಲಿಂಡರು ಸುಮ್ಮನೆ ಹೊರೆಯಾಗುತ್ತದೆ. ನಾನು ಒಂದು ಮಾರುದ್ದದ ರಬ್ಬರ್ ಟ್ಯೂಬಿನ ತುದಿಯನ್ನು ಕಾರ್ಬೊರೇಟರಿನ ಬಾಯಿಗೆ ಹಿಡಿದು, ಇನ್ನೊಂದು ತುದಿಯನ್ನು ಕಿವಿಗಿಟ್ಟು ಕೇಳುತ್ತಿದ್ದೆ. ಒಳಗೆ ಗಾಳಿ ಸುಯ್ಯೆನ್ನುತ್ತದೆ. ಎರಡರ ಸುಯ್ಯೂ ಒಂದೇ ಸ್ವರಕ್ಕೆ ಬರುವ ತನಕ ಕಾಲು ಸುತ್ತು ಆ ಸ್ಕ್ರೂ, ಅರ್ಧ ಸುತ್ತು ಈ ಸ್ಕ್ರೂ. ಆ ಹೊತ್ತಿನಲ್ಲಿ ಯಾರಾದರೂ ಕೆಮ್ಮಿದರೆ ಸ್ಪ್ಯಾನರು ಎಸೆಯುತ್ತಿದ್ದೆ.

ಸ್ವರ ಸೇರಿದ ಮೇಲೂ ಎಂಜಿನ್ನು ಕಪ್ಪು ಹೊಗೆ ಕಾರುತ್ತಿತ್ತು. ಪ್ಲಗ್ಗು ಬಿಚ್ಚಿದರೆ ಮಸಿ. ಪೆಟ್ರೋಲು ಜಾಸ್ತಿ ಅಂತ ಅರ್ಥ. ಪೆಟ್ರೋಲು ಹೋಗುವ ಹಿತ್ತಾಳೆ ಜೆಟ್ಟಿನ ತೂತಿಗೆ ಬೆಸುಗೆ ಹಾಕಿ ಮುಚ್ಚಿದೆ. ಅಕ್ಕಸಾಲಿಯ ಹತ್ತಿರ ಸಣ್ಣ ಬೈರಿಗೆ ಇಸಕೊಂಡು ಅದನ್ನು ಮತ್ತೆ ಕೂದಲೆಳೆಯಷ್ಟು ತೆರೆದೆ. ನೋಡಿದೆ, ಮತ್ತೆ ಮುಚ್ಚಿದೆ, ಮತ್ತೆ ತೆರೆದೆ. ಕಡೆಗೊಂದು ದಿನ ಪ್ಲಗ್ಗಿನ ತುದಿ ಅರ್ಧ ಹುರಿದ ಕಾಫಿ ಬೀಜದ ಬಣ್ಣಕ್ಕೆ ಬಂತು. ಅದೇ ಸರಿಯಾದ ಬಣ್ಣ. ಕಾರನ್ನು ಕೊಡ್ಲಿಪೇಟೆಗೆ ಓಡಿಸಿದೆ, ಶನಿವಾರಸಂತೆಗೆ ಓಡಿಸಿದೆ, ಮಡಿಕೇರಿಗೆ ಓಡಿಸಿದೆ. ಜೇನುನೊಣದ ಹಾಗೆ ಹಾಡುತ್ತಿತ್ತು.

ಈ ಊರುಗಳೆಲ್ಲ ಗುಡ್ಡದ ಮೇಲಿನ ಊರುಗಳು. ಗುಡ್ಡದ ಮೇಲೆ ಗಾಳಿ ತೆಳು. ಆ ತೆಳು ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ನಾನು ಅಳೆದಿಟ್ಟಿದ್ದೆ. ಕೆಳಗೆ ಸಂಪಾಜೆ, ಸುಳ್ಯ, ಮಂಗಳೂರಿನಲ್ಲಿ ಗಾಳಿ ದಪ್ಪ. ಅಲ್ಲಿ ಅದೇ ಪೆಟ್ರೋಲು ಸಾಲದು. ಸಾಲದಿದ್ದರೆ ಎಂಜಿನ್ನು ತಣ್ಣಗಾಗುವುದಿಲ್ಲ, ಒಳಗೇ ಬೇಯುತ್ತದೆ. ಹಳೆಯ ಪಂಪಿಗೆ ಇದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ನಾನು ಕಂಪನಿಯ ಜೆಟ್ಟಿಗೆ ಕೈ ಹಾಕಿದವನೇ ಅಲ್ಲ. ಹಾಕಿದ ಮೊದಲ ಸಲವೇ ಹೀಗಾಯಿತು.

ತಂಗಮ್ಮನವರನ್ನು ಮಂಗಳೂರಿಗೆ ಕರಕೊಂಡು ಹೋಗುವಾಗ ಏನೂ ಆಗಲಿಲ್ಲ. ಘಾಟಿ ಇಳಿಜಾರು, ಎಂಜಿನ್ನಿಗೆ ಕೆಲಸವಿಲ್ಲ. ನಾಣಯ್ಯ ತಾಯಿಯ ಜೊತೆ ಆಸ್ಪತ್ರೆಯಲ್ಲಿ ಉಳಿದರು. ಅವರ ಡ್ರೈವರ್ ದೇರಪ್ಪ ಖಾಲಿ ಕಾರು ಹೊಡಕೊಂಡು ವಾಪಸು ಬಂದವನು ಮನೆಗೆ ಹೋಗುವ ಮೊದಲು ನನ್ನ ಹತ್ತಿರ ಬಂದ. ಮೂವತ್ತು ದಾಟಿದ, ಮೆತ್ತಗಿನ ಮನುಷ್ಯ.

"ಕಲ್ಲೇಶಣ್ಣ, ಕೆಳಗೆ ಹೋದ್ರೆ ಇದ್ರ ಸ್ವರವೇ ಬೇರೆ. ಘಾಟಿ ಹತ್ತುವಾಗ ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಆಗ್ತದೆ. ನಿಲ್ಲಿಸಿ ನಿಲ್ಲಿಸಿ ತಂದೆ."

ನಾನು ಟ್ಯೂಬು ಕಿವಿಗಿಟ್ಟು ಕೇಳಿದೆ. ಎರಡೂ ಒಂದೇ ಸ್ವರ. ಪೇಟೆಯ ಮೇಲಿನ ಏರಿನಲ್ಲಿ ಎರಡು ಸಲ ಓಡಿಸಿದೆ. ಕಲ್ಲೂ ಇಲ್ಲ, ಮಣ್ಣೂ ಇಲ್ಲ.

"ಎಲ್ಲೋ ನಿನ್ನ ಕಲ್ಲು? ತೋರ್ಸು."

"ಇಲ್ಲಿ ಇಲ್ಲಣ್ಣ. ಅಲ್ಲಿ ಉಂಟು."

"ಅಲ್ಲಿರೋ ಕಾಯಿಲೆ ಇಲ್ಲಿಲ್ಲ ಅಂದ್ರೆ ಅದು ಕಾರಿಂದಲ್ಲ ಕಣೋ, ನಿಂದು. ಮಂಗಳೂರಲ್ಲಿ ಬಂಗುಡೆ ಮೀನು ಜಾಸ್ತಿ ತಿಂದಿದ್ದೀಯ, ಮುಳ್ಳು ಕಿವಿಗೆ ಹತ್ತಿದೆ."

ಸುತ್ತ ಇದ್ದವರು ನಕ್ಕರು. ದೇರಪ್ಪನೂ ನಕ್ಕ. ಆಮೇಲೆ ಹತ್ತಿರ ಬಂದು, "ಒಂದು ಸಲ ಸಂಪಾಜೆ ತನಕ ಬಂದು ನೋಡಿ ಅಣ್ಣ. ಅರ್ಧ ದಿನದ ಕೆಲಸ," ಅಂದ.

"ನಂಗೆ ಬೇರೆ ಕೆಲ್ಸ ಇಲ್ವೇನೋ? ನಡಿ ಅತ್ಲಾಗೆ."

ಹನ್ನೊಂದನೇ ದಿನ ನಾಣಯ್ಯನವರ ತಂತಿ ಬಂತು. ಡಾಕ್ಟರು ಕೈಬಿಟ್ಟಿದ್ದಾರೆ, ಕಾರು ಕಳಿಸಿ, ಮೇಸ್ತ್ರಿಯೂ ಜೊತೆಗೆ ಬರಲಿ. ಅರ್ಧ ದಿನ ಬಿಡುವಿಲ್ಲದವನಿಗೆ ಆಗ ಎರಡು ದಿನ ಬಿಡುವು ಸಿಕ್ಕಿತು.

ಬೆಳಕು ಹರಿಯುವ ಹೊತ್ತಿಗೆ ಮಂಗಳೂರು ಬಿಟ್ಟೆವು. ದೇರಪ್ಪ ಗಾಡಿ ಬಿಡುತ್ತಿದ್ದ, ಪಕ್ಕದಲ್ಲಿ ನಾನು. ಹಿಂದೆ ನಾಣಯ್ಯನವರ ತೊಡೆಯ ಮೇಲೆ ತಲೆಯಿಟ್ಟು ತಂಗಮ್ಮ. ಕೈ ಎರಡೂ ಕೋಲಿನ ಹಾಗೆ ಆಗಿದ್ದವು. ಬಾಯಿ ಮಾತ್ರ ಹಾಗೇ ಇತ್ತು.

"ದೇರಪ್ಪ, ಗುಂಡಿ ನೋಡಿ ಬಿಡು. ಹೊಟ್ಟೆಯೊಳಗಿನದ್ದು ಈಚೆ ಬಂದ್ರೆ ನೀನೇ ಸಾಕೊಕು."

ಸುಳ್ಯದಲ್ಲಿ ರೇಡಿಯೇಟರಿಗೆ ನೀರು ಹಾಕಲು ನಿಲ್ಲಿಸಿದೆವು. ನೀರು ಕುದಿಯುತ್ತಿತ್ತು. ಅಷ್ಟು ಕುದಿಯಬಾರದು. ದೇರಪ್ಪ ಬಾನೆಟ್ಟಿನ ಮೇಲೆ ಬಾಗಿ ಯಾರಿಗೂ ಕೇಳಿಸದ ಹಾಗೆ ಹೇಳಿದ.

"ಅಣ್ಣ, ಒಂದು ಪ್ಲಗ್ಗು ಬಿಚ್ಚಿ ನೋಡುವನಾ? ಘಾಟಿಗೆ ಮೊದ್ಲು."

"ಹದ ಮಾಡಿದ್ದು ನಾನು. ನೀನು ಸ್ಟೇರಿಂಗ್ ಹಿಡಿಯೋನು, ಅದನ್ನ ಹಿಡಿ."

"ಹತ್ತು ನಿಮಿಷ ಅಣ್ಣ..."

"ಹೊತ್ತಾಗ್ತಿದೆ, ಒಳಗೆ ಅವರ ಸ್ಥಿತಿ ಕಾಣಲ್ವಾ ನಿಂಗೆ? ನಾಲಿಗೆ ಉದ್ದ ಆಯ್ತು ನಿಂದು!"

ನಾನು ಕೂಗಿದ್ದು ಒಳಗೆ ಕೇಳಿಸಿತ್ತು. ಹತ್ತಿ ಕೂತಾಗ ತಂಗಮ್ಮ ಕಣ್ಣು ಮುಚ್ಚಿಕೊಂಡೇ, "ಮೇಸ್ತ್ರಿ, ನಿಮ್ಮ ಬಾಯಿಗೆ ಒಂದು ಸ್ಕ್ರೂ ಇಲ್ಲೆಯಾ? ತಿರುಗಿಸಿ ಒಂಚೂರು ಕಮ್ಮಿ ಮಾಡ್ಲಿಕ್ಕೆ?" ಅಂದರು. ನಾಣಯ್ಯ ಅವತ್ತು ನಕ್ಕದ್ದು ಅದೊಂದೇ ಸಲ.

ಸಂಪಾಜೆ ದಾಟಿ ಏರು ಶುರುವಾಯಿತು. ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಎರಡನೇ ಗೇರು, ನಾಲ್ಕು ಜನರ ಭಾರ. ಎರಡು ತಿರುವು ಕಳೆದ ಮೇಲೆ ಆ ಶಬ್ದ ಬಂತು. ಸುಳ್ಳು ಹೇಳುವುದಿಲ್ಲ. ದೇರಪ್ಪನಿಗಿಂತ ಮೊದಲು ನನಗೆ ಕೇಳಿಸಿತು. ಡಬ್ಬಿಯೊಳಗಿನ ಕಲ್ಲು. ಅವನು ಹೇಳಿದ್ದಕ್ಕೆ ಒಂದಿಷ್ಟೂ ಬೇರೆಯಲ್ಲ.

ದೇರಪ್ಪ ಕಾಲು ಸಡಿಲಿಸಿ ನನ್ನ ಮುಖ ನೋಡಿದ.

"ಒತ್ತು," ಅಂದೆ.

"ಅಣ್ಣ..."

"ಒತ್ತೋ ಅಂದ್ರೆ!"

ಯಾಕೆ ಹಾಗಂದೆ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಿಲ್ಲಿಸಿದರೆ ಹೊತ್ತಾಗುತ್ತದೆ ಅನ್ನುವುದೂ ಇತ್ತು. ನಿಲ್ಲಿಸಿದರೆ ದೇರಪ್ಪ ಹೇಳಿದ್ದು ನಿಜ ಅಂತಾಗುತ್ತದೆ ಅನ್ನುವುದೂ ಇತ್ತು. ಯಾವುದು ಹೆಚ್ಚು ಅಂತ ತೂಗಿ ನೋಡಲು ನನಗೆ ಈಗಲೂ ಧೈರ್ಯವಿಲ್ಲ.

ಇನ್ನೊಂದು ಮೈಲಿ ಹತ್ತಿತು. ಆಮೇಲೆ ಒಳಗೆ ಠಪ್ ಅಂತ ಏನೋ ಒಡೆಯಿತು. ಎಳೆತ ಅರ್ಧಕ್ಕರ್ಧ ಹೋಯಿತು. ಹಿಂದಿನಿಂದ ಬಿಳಿ ಹೊಗೆ. ಕಾರು ಮುಗ್ಗರಿಸಿ ನಿಂತಿತು.

ಮಳೆಯಲ್ಲೇ ಬಾನೆಟ್ಟು ಎತ್ತಿದೆ. ದೇರಪ್ಪ ಕೊಡೆ ಹಿಡಿದ. ಬಲಗಡೆಯ ಪ್ಲಗ್ಗು ಬಿಚ್ಚಿದೆ. ಕಾಫಿ ಬಣ್ಣದ್ದಾಗಿರಬೇಕಾದ ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. ಅದರ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಸಣ್ಣ ಹರಳು. ಪ್ಲಗ್ಗಿನ ತೂತಿನಿಂದ ತಂತಿ ಇಳಿಬಿಟ್ಟೆ. ಪಿಸ್ಟನ್ನಿನ ತಲೆಗೆ ತಾಗಿ ನಿಲ್ಲಬೇಕಾದ ತಂತಿ ನಿಲ್ಲದೆ ಕೆಳಗೆ ಹೋಯಿತು. ಪಿಸ್ಟನ್ನು ಕರಗಿ ತೂತಾಗಿತ್ತು.

ಆ ಬಿಳಿ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನಿಂತಾಗ ಎಲ್ಲ ಅರ್ಥವಾಯಿತು. ಕೆಳಗಿನ ಗಾಳಿ, ಮೇಲಿನ ಗಾಳಿ, ನಾನು ಮುಚ್ಚಿದ ತೂತು. ಸುಳ್ಯದಲ್ಲಿ ಇದನ್ನು ಬಿಚ್ಚಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಕಾರ್ಬೊರೇಟರಿನೊಳಗೆ ಒಂದು ಸೂಜಿ ಇರುತ್ತದೆ. ಅದನ್ನು ಒಂದು ಗೀರು ಮೇಲಕ್ಕೆತ್ತಿದ್ದರೆ ಪೆಟ್ರೋಲು ಹೆಚ್ಚಾಗಿ ಕಾರು ಮನೆ ಸೇರುತ್ತಿತ್ತು. ಹತ್ತೇ ನಿಮಿಷ.

"ನಾನು ಆಗಲೇ ಹೇಳಿದ್ದೆ" ಅಂತ ದೇರಪ್ಪ ಹೇಳಬಹುದಿತ್ತು. ಹೇಳಲಿಲ್ಲ. ತನ್ನ ಬೆನ್ನು ನೆನೆಯುತ್ತಿದ್ದರೂ ಕೊಡೆಯನ್ನು ನನ್ನ ಕಡೆಗೇ ಹಿಡಿದಿದ್ದ.

ನಾಣಯ್ಯ ಗಾಜು ಇಳಿಸಿದರು. "ಎಷ್ಟು ಹೊತ್ತು ಮೇಸ್ತ್ರಿ?"

"ಇದು ಇನ್ನು ಹತ್ತಲ್ಲ ನಾಣಯ್ಯನೋರೆ. ಬೇರೆ ಗಾಡಿ ನೋಡ್ಬೇಕು. ಹಿಂದಕ್ಕೆ ಉರುಳಿಸ್ಕೊಂಡು ಸಂಪಾಜೆಗೆ ಇಳಿದ್ರೆ..."

"ಕೆಳಗೆ ಬೇಡ," ಅಂದರು ತಂಗಮ್ಮ. ಸ್ವರ ಸಣ್ಣದಾಗಿತ್ತು. "ಬಂದಷ್ಟು ಬಂದೆ. ಕೆಳಗೆ ಹೋಗ್ಲಿಕ್ಕಿಲ್ಲ."

ದೇರಪ್ಪ ಕೊಡೆಯನ್ನು ನನ್ನ ಕೈಗೆ ಕೊಟ್ಟು, ಗಾಡಿ ತರುತ್ತೇನೆ ಅಂತ ಸಂಪಾಜೆ ಕಡೆಗೆ ಓಡಿದ. ಘಾಟಿ ಇಳಿಯುವ ಬಸ್ಸುಗಳು ಎರಡು ಬಂದು ಹೋದವು. ಹತ್ತುವ ಗಾಡಿ ಒಂದೂ ಬರಲಿಲ್ಲ. ತಂಗಮ್ಮ ಬಾಗಿಲು ತೆರೆಯಲು ಹೇಳಿದರು. ಮಳೆ ಒಳಗೆ ಬರದ ಹಾಗೆ ನಾನು ಬಾಗಿಲಿಗೆ ಕೊಡೆ ಅಡ್ಡ ಹಿಡಿದು ನಿಂತೆ. ಅವರು ಮೇಲೆ ಹೋಗುವ ರಸ್ತೆಯನ್ನು ನೋಡುತ್ತಿದ್ದರು.

"ಮನೆಗೆ ಎಷ್ಟು ದೂರ ಉಂಟು ಮಗ?"

"ಇಪ್ಪತ್ತೈದು ಮೈಲಿ ಇರ್ಬೋದು ಅವ್ವ."

"ಮದುವೆ ಆದ ವರ್ಷ ನಾವು ಇಷ್ಟು ದೂರ ನಡ್ದೇ ಬಂದಿದ್ದೆವು. ನಿನ್ನ ಅಪ್ಪ ನನ್ನ ಬಟ್ಟೆಗಂಟು ಹೊತ್ತಿದ್ರು. ಯಾರಾದ್ರೂ ಎದುರು ಬಂದ್ರೆ ಮಾತ್ರ ನನ್ನ ಕೈಗೆ ಕೊಡೋದು. ದಾಟಿ ಹೋದ ಮೇಲೆ ಪುನಃ ತಕ್ಕೊಳ್ಳೋದು."

ಮತ್ತೆ ರಸ್ತೆಯ ಕಡೆ ತಲೆ ತಿರುಗಿಸಿದರು. ಆಮೇಲೆ, "ಶಬ್ದ ಕೇಳ್ತದಾ? ಗಾಡಿ ಬಂತಾ?" ಅಂದರು.

ನಾನು ಕಿವಿಗೊಟ್ಟೆ. ತಿರುವಿನಾಚೆಯ ಗಾಡಿಯನ್ನು ಗುರುತಿಸುವ ಕಿವಿ ನನ್ನದು. ಮಳೆ ಬಿಟ್ಟು ಬೇರೆ ಏನೂ ಇರಲಿಲ್ಲ.

"ಇಲ್ಲ ಅವ್ವ," ಅಂದೆ. ಅವರನ್ನು ಅವ್ವ ಅಂತ ಕರೆದದ್ದು ಅದೇ ಮೊದಲು.

ನಾಣಯ್ಯ ಫ್ಲಾಸ್ಕಿನ ಮುಚ್ಚಳದಲ್ಲಿ ನೀರು ಬಗ್ಗಿಸಿ ಬಾಯಿಗೆ ಹಿಡಿದರು. ಮೊದಲ ಗುಟುಕು ಒಳಗೆ ಹೋಯಿತು. ಎರಡನೆಯದು ಹೋಗಲಿಲ್ಲ, ಕೆನ್ನೆಯ ಮೇಲೆ ಇಳಿಯಿತು. ನಾಣಯ್ಯ ಅದನ್ನು ಅಂಗಿಯ ತೋಳಿನಿಂದ ಒರೆಸಿದರು. ಮತ್ತೆ ಮತ್ತೆ ಒರೆಸಿದರು.

ಅರ್ಧ ಗಂಟೆಯಾದ ಮೇಲೆ ದೇರಪ್ಪ ಹೆಂಚು ತುಂಬಿದ ಲಾರಿಯ ಫುಟ್‌ಬೋರ್ಡಿನ ಮೇಲೆ ನಿಂತುಕೊಂಡು ಬಂದ. ದೂರದಿಂದಲೇ ಕೈ ಬೀಸುತ್ತಿದ್ದ. ನಾವು ಕೈ ಬೀಸದೇ ಇದ್ದದ್ದನ್ನು ನೋಡಿ ಕೈ ಇಳಿಸಿದ.

ಲಾರಿಯವನು ಒಳ್ಳೆಯವನು. ಹಿಂದೆ ಅರ್ಧ ಹೆಂಚು ಇಳಿಸಿ ರಸ್ತೆ ಬದಿಗೆ ಜೋಡಿಸಿ ಜಾಗ ಮಾಡಿಕೊಟ್ಟ. ಮಾದಾಪುರದ ಮೇಲಿನ ಮನೆ ಮುಟ್ಟಿದಾಗ ಮೂರು ಗಂಟೆ. ಕಾರಿನ ದಾರಿ ನೋಡುತ್ತಿದ್ದವರು ಲಾರಿ ಕಂಡಾಗಲೇ ತಿಳಿದುಕೊಂಡರು. ನಾಣಯ್ಯನವರ ಹೆಂಡತಿ ಯಮುನ ಅತ್ತೆಗೆ ಹಾಸಿಗೆ ಹಾಸಿ, ಬಿಸಿನೀರು ಕಾಯಿಸಿಟ್ಟಿದ್ದರು. ಬಾಗಿಲಲ್ಲಿ ನಾಣಯ್ಯನವರ ಚಿಕ್ಕಪ್ಪ ಅಪ್ಪಯ್ಯ ನಿಂತಿದ್ದರು. ಆ ಮನೆಗೆ ಈಗ ಅವರೇ ಹಿರಿಯರು. ಮುದುಕ ಅಳುತ್ತಿದ್ದರು. ಅಳುತ್ತಲೇ ಕೈ ಅಡ್ಡ ಹಿಡಿದರು.

"ಒಳಗೆ ಆಗದು ಮಗ."

"ಮಳೆ ಚಿಕ್ಕಪ್ಪ."

"ಅಣ್ಣಂಗೂ ಮಳೆಯೇ ಇತ್ತಲ್ಲ. ಅವಂಗೆ ಇಲ್ಲೆ ಅಂದದ್ದನ್ನ ಇವಳಿಗೆ ಹೇಗೆ ಕೊಡ್ಲಿ? ಅತ್ತಿಗೆಯೇ ನನ್ನ ಕೇಳ್ಯಾರು, ಹಾಗಾರೆ ನನ್ನ ಗಂಡಂಗೆ ಯಾಕೆ ಕೊಡ್ಲಿಲ್ಲ ಅಂತ."

ನಾಣಯ್ಯ ವಾದ ಮಾಡಲಿಲ್ಲ. ಅಂಗಳ ಒಮ್ಮೆ ನೋಡಿದರು. ಮನೆಗೆ ಸೇರದ, ಆದರೆ ತಲೆಯ ಮೇಲೆ ಮಾಡು ಇದ್ದ ಜಾಗ ಒಂದೇ ಇತ್ತು, ಕಾರಿನ ಶೆಡ್ಡು. "ಅಲ್ಲಿಗೆ," ಅಂದರು. ಯಮುನ ಓಡಿಹೋಗಿ ಗುಡಿಸಿದರು. ನೆಲದ ಮೇಲೆ ಎಣ್ಣೆಯ ಕಪ್ಪು ಕಲೆ ಇತ್ತು. ತಿಕ್ಕಿದರು, ಹೋಗಲಿಲ್ಲ. ಅದರ ಮೇಲೆ ಭತ್ತದ ಹೊಟ್ಟು ಸುರಿದು ಚಾಪೆ ಹಾಸಿದರು.

ಸಾವಿನ ಸುದ್ದಿ ಊರಿಗೆ ತಿಳಿಸಲು ಬಂದೂಕಿನ ಎರಡು ಗುಂಡು ಹಾರಿಸಿದರು. ಊರಿನವರು ಬರತೊಡಗಿದರು. ನಾನು ಲಾರಿಯ ಮರೆಯಲ್ಲಿ ನಿಂತಿದ್ದೆ. ಯಾರಾದರೂ ಬಂದು ಬೈಯಲಿ ಅಂತ ಕಾಯುತ್ತಿದ್ದೆ. ಯಾರೂ ಬೈಯಲಿಲ್ಲ. ಜರ್ಮನಿ ಗಾಡಿ, ಹಳೆಯದು, ಕೆಟ್ಟಿತು, ಮೇಸ್ತ್ರಿ ಏನು ಮಾಡಿಯಾನು ಅಂತ ಮಾತಾಡಿಕೊಳ್ಳುತ್ತಿದ್ದರು. ಅದನ್ನು ಕೇಳಿಕೊಂಡು ನಿಲ್ಲುವುದು ಆಗಲಿಲ್ಲ. ನಾಣಯ್ಯನವರನ್ನು ಸೂರಿನ ಕೆಳಗೆ ಕರೆದೆ.

"ಗಾಡಿ ಕೆಟ್ಟದ್ದಲ್ಲ ನಾಣಯ್ಯನೋರೆ. ನಾನು ಕೆಡಿಸಿದ್ದು. ದೇರಪ್ಪ ಎರಡು ಸಲ ಹೇಳ್ದ. ಸುಳ್ಯದಲ್ಲೂ ಹೇಳ್ದ. ನಾನು ಬಾಯಿ ಮುಚ್ಚಿಸ್ದೆ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿ ಅಂದುಕೊಂಡೆ.

"ನಂಗೆ ಹೇಳಿ ಎಂಥ ಮಾಡುದು ಮೇಸ್ತ್ರಿ?" ಅಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ. "ಮಾತು ಕೊಟ್ಟದ್ದು ಅವ್ವಂಗೆ ಅಲ್ವಾ? ಅವ್ವಂಗೆ ಹೇಳಿ."

ಶೆಡ್ಡಿಗೆ ಹೋದೆ. ಯಮುನ ಮತ್ತು ನೆರೆಮನೆಯ ಹೆಂಗಸರು ಕೂತಿದ್ದರು. ಸರಿದು ಜಾಗ ಕೊಟ್ಟರು. ಕಾಲಿನ ಹತ್ತಿರ ಕೂತೆ. ಮೆತ್ತಗೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಮೊದಲ ಮಾತು ಜೋರಾಗಿ ಬಂತು, ಹೆಂಗಸರು ಬೆಚ್ಚಿದರು. ಮತ್ತೆ ಶುರು ಮಾಡಿದೆ.

"ಕೆಳಗೆ ಗಾಳಿ ದಪ್ಪ ಅವ್ವ. ನಂಗೆ ಗೊತ್ತಿರ್ಲಿಲ್ಲ. ನಾನು ಇಲ್ಲಿ ಕೂತು, ಇಲ್ಲಿಯ ಗಾಳಿಗೇ ಅಳೆದುಬಿಟ್ಟೆ. ಆ ಹುಡುಗ ಬಿಚ್ಚಿ ನೋಡುವ ಅಂದ. ಹತ್ತು ನಿಮಿಷ ಆಗ್ತಿತ್ತು. ಗೊತ್ತಿಲ್ದೇ ಇದ್ದದ್ದು ಒಂದು. ಗೊತ್ತಾದ ಮೇಲೂ ಒತ್ತು ಅಂದದ್ದು ಇನ್ನೊಂದು. ಆ ಇನ್ನೊಂದಿದೆಯಲ್ಲ..."

ಅದನ್ನು ಮುಗಿಸಲು ಆಗಲಿಲ್ಲ. ಅಪ್ಪಯ್ಯ ಬಂದು, ನೆಂಟರೆಲ್ಲ ಬಂದಾಯಿತು, ಹೊತ್ತಿರುವಾಗಲೇ ಎತ್ತಬೇಕು ಅಂದರು. ಹೊರಲು ನಾಲ್ಕು ಜನ ಬೇಕಿತ್ತು. ನಾಣಯ್ಯನವರೂ ದಾಯಾದಿಗಳಿಬ್ಬರೂ ನಿಂತರು. ಇನ್ನೊಂದು ಮೂಲೆಗೆ ದೇರಪ್ಪನನ್ನು ಕರೆದರು. ನಾನು ಎದ್ದು, ಅವರಿಗೆ ದಾರಿ ಬಿಟ್ಟು, ಅಂಗಳದ ಮಳೆಯಲ್ಲಿ ನಿಂತೆ.